ಹಂಡೆ ಪಿಚ್ಚರಿನ ಕೊನೆ

ನಮ್ಮ ಮನೆಯಲ್ಲಿ ಹಗಲು ಹೊತ್ತು ಕಥೆ ಹೇಳುವಂತಿರಲಿಲ್ಲ. ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರೆ ಎನ್ನುವುದು ಅಜ್ಜಿಯ ಕಾನೂನು. ಸಂತೆಗೆ ಹೋದವರು, ಬಸ್ಸು ಹತ್ತಿದವರು, ಕುರಿ ಹೊಡೆದುಕೊಂಡು ದೂರ ಹೋದವರು ಎಲ್ಲರೂ ಮನೆಯಲ್ಲಿ ಕೂತ ಬಾಯಿಬಡುಕರಿಂದಾಗಿ ಎಲ್ಲೆಲ್ಲೋ ಅಲೆಯಬೇಕಾಗುತ್ತದೆ ಎಂದು ಅವಳು ನಂಬಿದ್ದಳು. ಕಾನೂನಿಗೆ ಇನ್ನೊಂದು ಕಲಮೂ ಇತ್ತು. ದೀಪ ಹಚ್ಚಿದ ಮೇಲೆ ಶುರು ಮಾಡಿದ ಕಥೆಯನ್ನು ಅರ್ಧಕ್ಕೆ ಬಿಡಬಾರದು. ಬಿಟ್ಟರೆ ಕಥೆಯಲ್ಲಿರುವವರು ಮನೆ ಸೇರುವುದಿಲ್ಲ, ಅವರ ಜೊತೆಗೆ ನಮ್ಮವರೂ ಸೇರುವುದಿಲ್ಲ. ಹಾಗಾಗಿ ನಾನೂ ನನ್ನ ತಮ್ಮ ತಿಪ್ಪೇಶನೂ ನಿದ್ದೆ ಹೋದರೂ ಅಜ್ಜಿ ನಿಲ್ಲಿಸುತ್ತಿರಲಿಲ್ಲ. ಉಳಿದದ್ದನ್ನು ಗೋಡೆಗೆ ಹೇಳಿ, ರಾಜಕುಮಾರನನ್ನು ಅವನ ಹೆಂಡತಿ ಮಕ್ಕಳ ಹತ್ತಿರ ತಲುಪಿಸಿ, ಆಮೇಲೆ ಮಲಗುತ್ತಿದ್ದಳು.

ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಹಿಂದಿನ ಸಾಲಿನಲ್ಲಿ ನಮ್ಮ ಮನೆ. ಅಪ್ಪ ಆ ಮಿಲ್ಲಿನಲ್ಲೇ ಕೆಲಸಕ್ಕಿದ್ದ. ಮುಂದೊಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಪಕ್ಕಕ್ಕೆ ತಾಮ್ರದ ಹಂಡೆ ಇದ್ದ ಬಚ್ಚಲು, ಅಲ್ಲಿಗೆ ಮನೆ ಮುಗಿಯಿತು. ಉಟ್ಟ ಬಟ್ಟೆ, ಹೊದ್ದ ಕಂಬಳಿ, ಬಾಯಿಗಿಡುವ ಮುದ್ದೆ ಎಲ್ಲಕ್ಕೂ ಶೇಂಗಾ ಹಿಂಡಿಯ ವಾಸನೆ. ಬೇರೆ ಬೀದಿಯ ಹುಡುಗಿಯರು ನನ್ನ ಪುಸ್ತಕ ಮೂಸಿ ನೋಡಿ ಇದರಲ್ಲಿ ಬೋಂಡ ಕರಿಯಬಹುದು ಎಂದು ನಗುತ್ತಿದ್ದರು. ಅವ್ವ ಪಡಸಾಲೆಯಲ್ಲಿ ಕೂತು ಮಿಲ್ಲಿನಿಂದ ತಂದ ಶೇಂಗಾ ಬೀಜ ಆರಿಸುತ್ತಿದ್ದಳು. ಕೈ ಓಡಬೇಕಾದರೆ ಅವಳಿಗೆ ಬಾಯಿಯೂ ಓಡಬೇಕು. ಬೆಳ್ಳಂಬೆಳಗ್ಗೆ, ನಡುಮಧ್ಯಾಹ್ನ ಎನ್ನದೆ ಕಥೆ ತೆಗೆಯುತ್ತಿದ್ದಳು. ಅಡುಗೆಮನೆಯಿಂದ ಅಜ್ಜಿ ಗದರುತ್ತಿದ್ದಳು. ಅತ್ತೆ ಸೊಸೆಯರ ಜಗಳಕ್ಕೆ ಉಪ್ಪು, ಖಾರ, ತವರು ಯಾವುದೂ ಕಾರಣವಾದದ್ದು ನನಗೆ ನೆನಪಿಲ್ಲ. ನೆನಪಿರುವುದೆಲ್ಲ ಈ ಒಂದೇ ಜಗಳ. ಅವ್ವ ಒಮ್ಮೆ ಕೇಳಿಯೇಬಿಟ್ಟಳು:

"ರೇಡಿಯೋದೋರು ದಿನಾ ಮಧ್ಯಾಹ್ನ ನಾಟಕ ಹಾಕ್ತಾರಲ್ಲ ಅತ್ತೆ, ಊರೋರೆಲ್ಲ ದಾರಿ ತಪ್ಪಿ ನಿಂತವ್ರಾ?"

ಅಜ್ಜಿ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಆದರೂ ನಾನು ಅಜ್ಜಿಯ ಪಕ್ಷ. ನನಗೆ ಹುಟ್ಟಿನಿಂದಲೇ ಹೆದರಿಕೆ ಜಾಸ್ತಿ, ಹೆದರುಪುಕ್ಕಲರಿಗೆ ಕಾನೂನು ಇದ್ದರೆ ಧೈರ್ಯ. ಅವ್ವ ಹಗಲಲ್ಲಿ ಕಥೆ ಶುರು ಮಾಡಿದರೆ, ಮಿಲ್ಲಿಗೆ ಹೋದ ಅಪ್ಪ ಇನ್ನೂ ಬಂದಿಲ್ಲವಲ್ಲ ಎಂದು ನಾನು ಬಾಗಿಲ ಕಡೆ ನೋಡುತ್ತಿದ್ದೆ. ಮಿಲ್ಲು ಇದ್ದದ್ದು ನಮ್ಮ ಹಿತ್ತಿಲ ಗೋಡೆಯ ಆಚೆಗೆ. ಅಷ್ಟು ದೂರದಲ್ಲೂ ಮನುಷ್ಯ ದಾರಿ ತಪ್ಪಬಹುದೆಂದು ನನ್ನ ಲೆಕ್ಕ.

ಆಮೇಲೆ ಅವ್ವನ ಬಾಯಿ ತಾನಾಗಿಯೇ ಕಡಿಮೆಯಾಯಿತು. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ ಕೂರುವಳು. ಊಟಕ್ಕೆ ಕೂತರೆ ಅವಳ ತಟ್ಟೆಯ ಮುದ್ದೆ ಅರ್ಧ ತಿಪ್ಪೇಶನ ತಟ್ಟೆಗೆ ಬರುತ್ತಿತ್ತು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆಯಬೇಕು ಎಂಬ ಮಾತು ಬಾಗಿಲ ಸಂದಿಯಿಂದ ನನಗೆ ಕೇಳಿತು. ನಮಗೆ ಹೇಳಿದ್ದು ಮಾತ್ರ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಾಳೆ ಎಂದು. ಅಪ್ಪ, ಅಜ್ಜಿ ಇಬ್ಬರೂ ಅವಳ ಜೊತೆಗೆ ಹೊರಟರು. ನಮ್ಮಿಬ್ಬರನ್ನು ಮೊಳಕಾಲ್ಮುರಿನಲ್ಲಿದ್ದ ಈರಮ್ಮತ್ತೆಯ ಮನೆಗೆ ಕಳಿಸುವುದು ಎಂದಾಯಿತು. ಈರಮ್ಮತ್ತೆ ಅಪ್ಪನ ಅಕ್ಕ, ಅಜ್ಜಿಯ ಹಿರೀಮಗಳು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಆ ಕಡೆಗೆ, ಅವ್ವನ ಬಸ್ಸು ಈ ಕಡೆಗೆ. ಅವ್ವ ಅಳಲಿಲ್ಲ. ಕಿಟಕಿಯ ಹತ್ತಿರ ಬಂದು ತಮ್ಮನಿಗೆ ಹೇಳಿದ್ದು ಇಷ್ಟೇ:

"ಮೂಗು ಒರೆಸ್ಕೋ ತಿಪ್ಪ. ಅತ್ತೆ ಮನೇಲಿ ನಮ್ಮ ಮಾನ ಕಳೀಬ್ಯಾಡ."

ಈರಮ್ಮತ್ತೆಯ ಮನೆ ಮಗ್ಗದ ಮನೆ. ಬಾಗಿಲು ದಾಟಿದರೆ ಮಗ್ಗವೇ ಎದುರಾಗುತ್ತದೆ. ನೆಲದಲ್ಲಿ ತೋಡಿದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟುಕೊಂಡು ಕೂತ ಮಾವ, ಅವರ ಮುಂದೆ ಕೋಣೆಯ ಉದ್ದಕ್ಕೂ ಬಿಗಿದ ರೇಷ್ಮೆ ಎಳೆಗಳ ಹಾಸು. ಬೆಳಗಾದರೆ ಬೀದಿಗೆ ಬೀದಿಯೇ ಟಕ್ ಟಕ್ ಎನ್ನುತ್ತಿತ್ತು. ಮಾವ ಮಾತು ಕಡಿಮೆಯ ಮನುಷ್ಯ, ಆದರೆ ಕೀಟಲೆಗೆ ಬರವಿಲ್ಲ. ನಾವು ಹೋದ ದಿನವೇ ನಮ್ಮ ಕೈಗಳನ್ನು ತಿರುಗಿಸಿ ನೋಡಿ, ಇವು ಎಣ್ಣೆ ಊರಿನ ಕೈ, ಸೀಗೆಪುಡಿ ಹಾಕಿ ತೊಳೆಯದೆ ನನ್ನ ರೇಷ್ಮೆ ಮುಟ್ಟಕೂಡದು ಎಂದರು. ಅತ್ತೆಯ ಕೆಲಸ ಕೆಚ್ಚುವುದು. ಒಂದು ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಅತ್ತೆ ದಿನಗಟ್ಟಲೆ ಅದನ್ನೇ ಮಾಡುತ್ತಿದ್ದಳು. ಎಲ್ಲಿ ಸೇರಿಸಿದ್ದಾಳೆ ಎಂದು ಹುಡುಕಲು ನಾನು ಮೂಗು ತಾಗಿಸಿ ನೋಡಿದರೂ ಸಿಗುತ್ತಿರಲಿಲ್ಲ. ಆ ಬೀದಿಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಾವು ಮುದ್ದೆ ಅನ್ನುವುದನ್ನು ಪಕ್ಕದ ಮನೆಯವರು ಸಂಗಟಿ ಅನ್ನುತ್ತಿದ್ದರು, ಸಾರಿನ ಖಾರ ಮಾತ್ರ ಎರಡೂ ಮನೆಯಲ್ಲಿ ಒಂದೇ, ಕಣ್ಣಲ್ಲಿ ನೀರು. ಅತ್ತೆ ಮದುವೆಯಾಗಿ ಬಂದ ಮೇಲೆ ತೆಲುಗು ಕಲಿತವಳು. ಜಗಳಕ್ಕೆ ತೆಲುಗು, ಲೆಕ್ಕಕ್ಕೆ ಕನ್ನಡ.

ಅಮಾವಾಸ್ಯೆಯ ದಿನ ಅಲ್ಲಿ ಮಗ್ಗ ಮುಟ್ಟುವುದಿಲ್ಲ. ಆವತ್ತು ಬೀದಿಯ ಸದ್ದು ನಿಂತು ಕಿವಿ ಭಣಭಣ ಅನ್ನುತ್ತಿತ್ತು. ನಾವು ಹೋದ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಬೀದಿಯವರೆಲ್ಲ ಸೇರಿ ವಿಡಿಯೋ ಅಂಗಡಿಯಿಂದ ಟಿ.ವಿ.ಯನ್ನೂ ಕ್ಯಾಸೆಟ್ಟು ಹಾಕುವ ಪೆಟ್ಟಿಗೆಯನ್ನೂ ಬಾಡಿಗೆಗೆ ತಂದರು. ಸಂಜೆಗೆ ವಾಪಸು ಕೊಡಬೇಕು, ಆದ್ದರಿಂದ ಪಿಚ್ಚರ್ ಹಗಲಿಗೇ. ಅತ್ತೆಯ ಮನೆಯ ನಡುಮನೆಯಲ್ಲಿ ಕಿಟಕಿಗೆ ಕಂಬಳಿ ಇಳಿಬಿಟ್ಟು ಎಲ್ಲರೂ ಒತ್ತಿಕೊಂಡು ಕೂತರು. ಮೊದಲು ದೇವರ ಪಿಚ್ಚರ್ ಒಂದು ಹಾಕಿದರು, ಮುದುಕಿಯರು ಕೈಮುಗಿದು ಎದ್ದುಹೋದರು. ಆಮೇಲೆ ಹಾಕಿದ್ದು ಇದು. ಕ್ಯಾಸೆಟ್ಟಿನ ಮೇಲಿನ ಚೀಟಿ ಹರಿದುಹೋಗಿದ್ದರಿಂದ ಹೆಸರೇನೆಂದು ಯಾರಿಗೂ ತಿಳಿಯಲಿಲ್ಲ. ಯಾವುದೋ ದೇಶದ್ದು, ಮಾತು ಮಾತ್ರ ತೆಲುಗು. ಆಕಾಶದಲ್ಲಿ ಹೋಗುವ ಬಂಡಿಯೊಂದು ಪರದೆಯ ಮೇಲೆ ಕಂಡದ್ದೇ ತಡ ತಿಪ್ಪೇಶ ಎದ್ದು ನಿಂತು ಇದು ನಮ್ಮ ಬಚ್ಚಲ ಹಂಡೆ ಎಂದ. ಹೌದು, ಅದೇ ತಾಮ್ರದ ಬಣ್ಣ, ಅದೇ ಹೊಟ್ಟೆ, ಅದೇ ಕಿರಿದಾದ ಕುತ್ತಿಗೆ. ಆವತ್ತಿನಿಂದ ಮೊಳಕಾಲ್ಮುರಿನ ಆ ಬೀದಿಯಲ್ಲಿ ಅದಕ್ಕೆ ಹಂಡೆ ಪಿಚ್ಚರ್ ಎಂದೇ ಹೆಸರು.

ಕಥೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೀರಿಲ್ಲದ ಒಂದು ಲೋಕ. ಎತ್ತ ನೋಡಿದರೂ ಕೆಂಪು ನೆಲ, ಬಂಡೆ. ನಮಗೇನೂ ಹೊಸದಲ್ಲ, ಬಾಗಿಲು ತೆಗೆದರೆ ಅದೇ ಕಾಣುತ್ತಿತ್ತು. ಅಲ್ಲಿ ಒಬ್ಬ ತಾಯಿ, ಎರಡು ಮಕ್ಕಳು. ತಾಯಿ ಹಂಡೆ ಹತ್ತಿ ನಕ್ಷತ್ರಗಳ ಆಚೆಗೆ ನೀರು ತರಲು ಹೋಗುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲು ಮೂರು ಕಾಲಿನ ಒಂದು ಯಂತ್ರವನ್ನು ಬಿಟ್ಟು ಹೋಗುತ್ತಾಳೆ. ಅದನ್ನು ನಾವು ಮುಕ್ಕಾಲಿ ಎಂದು ಕರೆದೆವು. ಮುಕ್ಕಾಲಿಗೆ ಅಡುಗೆ ಬರುವುದಿಲ್ಲ, ತಲೆ ಬಾಚಲು ಬರುವುದಿಲ್ಲ, ಆದರೂ ಮಾಡುತ್ತದೆ. ಹುಡುಗಿಗೆ ಎರಡು ಜಡೆ ಹಾಕಲು ಹೋಗಿ ಮೂರು ಹಾಕುತ್ತದೆ. ಆ ಜಾಗಕ್ಕೆ ಇಡೀ ಕೋಣೆ ನಕ್ಕಿತು. ಆಗಾಗ ಒಂದು ಡಬ್ಬಿಯಲ್ಲಿ ತಾಯಿಯ ದನಿ ಬರುತ್ತಿತ್ತು, ಮಕ್ಕಳು ಕಿವಿಗೊಡುತ್ತಿದ್ದರು. ತೆಲುಗು ಬಾರದವರು ಕೋಣೆಯಲ್ಲಿ ನಾವಿಬ್ಬರೇ. ಅತ್ತೆ ನಮ್ಮ ಹಿಂದೆ ಕೂತು ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ತಾಯಿ ಡಬ್ಬಿಯಲ್ಲಿ ಬಹಳ ಹೊತ್ತು ಏನೇನೋ ಹೇಳಿ ಮುಗಿಸಿದರೆ, ಅತ್ತೆಯ ಬಾಯಲ್ಲಿ ಅದು ಊಟ ಮಾಡಿ ಬೇಗ ಮಲಕೊಳ್ಳಿ ಅಂತಾಳೆ ಎಂದಾಗುತ್ತಿತ್ತು.

ಕೊನೆಗೆ ಮಕ್ಕಳಿಬ್ಬರೂ ಬಂಡೆ ಹತ್ತಿ ನಿಂತಿದ್ದಾರೆ. ಡಬ್ಬಿ ಮಾತಾಡದೆ ಬಹಳ ದಿನವಾಗಿದೆ. ಆಕಾಶದಲ್ಲಿ ಒಂದು ಚುಕ್ಕಿ ಬೆಳಕು. ಅದು ದೊಡ್ಡದಾಗುತ್ತ ಬರುತ್ತದೆ. ಹಂಡೆ! ತಿಪ್ಪೇಶ ನನ್ನ ಕೈ ಹಿಚುಕಿ ಹಿಡಿದಿದ್ದ. ಹಂಡೆ ಇನ್ನೇನು ನೆಲ ಮುಟ್ಟಬೇಕು, ಪರದೆಯ ಮೇಲೆ ಬಿಳಿ ಗೆರೆಗಳು ಓಡಿದವು, ಪೀಪಿ ಮೊಳಗಿತು. ನೋಡಿದರೆ ಯಾರದೋ ಮದುವೆ. ಬಾಸಿಂಗ ಕಟ್ಟಿಕೊಂಡ ಗಂಡು, ತಲೆ ತಗ್ಗಿಸಿದ ಹೆಣ್ಣು, ಅಕ್ಷತೆ ಹಾಕಲು ನುಗ್ಗುತ್ತಿರುವ ಜನ. ಪಿಚ್ಚರಿನ ಬಾಲವನ್ನು ಅಳಿಸಿ ಅದರ ಮೇಲೆ ಯಾರೋ ಮದುವೆ ತುಂಬಿದ್ದರು. ಗಂಡಸರು ವಿಡಿಯೋ ಅಂಗಡಿಯವನ ವಂಶವನ್ನೆಲ್ಲ ಬಯ್ದರು. ಹೆಂಗಸರಿಗೆ ಬೇಜಾರೇನೂ ಆಗಲಿಲ್ಲ. ಇವರು ರಾಯದುರ್ಗದ ಕಡೆಯವರಿರಬೇಕು, ಹೆಣ್ಣಿನ ಸೀರೆ ನಮ್ಮ ಬೀದಿಯದೇ ಅಂಚು ಎಂದು ಗುರುತು ಹಿಡಿಯುತ್ತ ಊಟದ ಪಂಕ್ತಿಯವರೆಗೂ ನೋಡಿದರು. ಆ ಗದ್ದಲದಲ್ಲೇ ಬಾಗಿಲಿಗೆ ಖಾಕಿ ಅಂಗಿಯವನೊಬ್ಬ ಬಂದು ಮಾವನನ್ನು ಹೊರಗೆ ಕರೆದ. ಚಳ್ಳಕೆರೆ ಬಸ್ಸಿನ ಕಂಡಕ್ಟರ್. ಮಾವ ಒಳಗೆ ಬಂದು ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಎಲ್ಲಿಗೆ ಎಂದದ್ದಕ್ಕೆ ಅತ್ತೆ, ಜರಿ ತರಲು ಎಂದಳು. ಅಮಾವಾಸ್ಯೆ ದಿನ ಯಾವ ನೇಕಾರ ಜರಿ ತರಲು ಹೋಗುತ್ತಾನೆ ಎಂದು ನನಗೆ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಬೇರೆ. ನಾವು ಹಗಲು ಹೊತ್ತಿನಲ್ಲಿ ಕಥೆ ನೋಡಿದ್ದೆವು. ಅದೂ ಅರ್ಧಕ್ಕೆ ನಿಂತ ಕಥೆ. ಅಜ್ಜಿಯ ಎರಡೂ ಕಲಮುಗಳನ್ನು ಒಂದೇ ಮಧ್ಯಾಹ್ನ ಮುರಿದಿದ್ದೆವು, ಮತ್ತು ನಮ್ಮವ್ವ ದಾರಿಯಲ್ಲಿದ್ದಳು. ಆ ತಾಯಿ ಹಂಡೆಯಲ್ಲಿ ಸಿಕ್ಕಿಕೊಂಡಿದ್ದಾಳೆ, ಕೆಳಗೆ ಇಳಿಯಲಾರಳು; ಅವಳು ಇಳಿಯುವವರೆಗೂ ನಮ್ಮವ್ವನೂ ದಾವಣಗೆರೆಯಿಂದ ಬರಲಾರಳು. ಈಗ ಬರೆಯುವಾಗ ನಗು ಬರುತ್ತದೆ, ಆಗ ಬರಲಿಲ್ಲ. ಟಿ.ವಿ. ಪೆಟ್ಟಿಗೆ ಹೊತ್ತುಕೊಂಡು ಎಲ್ಲರೂ ಹೋದರು. ಅತ್ತೆ ಮಂಡಕ್ಕಿ ಕಲಸಿ ಕೊಟ್ಟಳು. ನಾನು ಮುಟ್ಟಲಿಲ್ಲ. ಅಕ್ಕ ಮುಟ್ಟದ್ದನ್ನು ನೋಡಿ ತಮ್ಮನೂ ಮುಟ್ಟಲಿಲ್ಲ. ಅತ್ತೆ ಗದರಿಸಿದಳು, ರಮಿಸಿದಳು, ಕೊನೆಗೆ ಗಲ್ಲ ಹಿಡಿದೆತ್ತಿ ಏನಾಯಿತೆಂದು ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ.

ಬೇರೆ ಯಾರಾದರೂ ಆಗಿದ್ದರೆ ನಕ್ಕುಬಿಡುತ್ತಿದ್ದರು. ಅತ್ತೆ ಅದೇ ಅಜ್ಜಿಯ ಮಡಿಲಲ್ಲಿ ಅದೇ ಕಾನೂನು ಕೇಳಿ ಬೆಳೆದವಳು. ಮಂಡಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು:

"ನಾನೂ ಆ ಮುದುಕಿ ಮಗಳೇ ಕಣೆ ರತ್ನಿ. ಹಗಲು ಕಥೆಗೂ ಮದ್ದೈತೆ. ಕೊನೆ ಒಂದನ್ನ ದೀಪ ಹಚ್ಚಿ ಹೇಳಿಬಿಟ್ರೆ, ಕಥೆ ಪೂರ್ತಿ ದೀಪದ ಲೆಕ್ಕಕ್ಕೆ ಹೋಗ್ತೈತೆ."

ಈ ಕಲಮನ್ನು ಅಜ್ಜಿ ನನಗೆಂದೂ ಹೇಳಿರಲಿಲ್ಲ. ಕೊನೆ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ರಾಯದುರ್ಗದ ಟಾಕೀಸಿನಲ್ಲಿ ಈ ಪಿಚ್ಚರನ್ನು ಪೂರ್ತಿ ನೋಡಿದ್ದೇನೆ, ಮಾವನ ಜೊತೆ ಹೋಗಿದ್ದೆ ಎಂದಳು. ನಂಬಿದೆ. ಸಂಜೆಯಾಗುವುದನ್ನೇ ಕಾದು, ದೇವರ ಗೂಡಿನಲ್ಲಿ ಅವಳು ದೀಪ ಹಚ್ಚುವಾಗ ನಾವಿಬ್ಬರೂ ಅವಳ ಸೆರಗು ಹಿಡಿದುಕೊಂಡೇ ನಿಂತಿದ್ದೆವು. ಆಮೇಲೆ ಮಗ್ಗದ ಪಕ್ಕ ಕೂತಳು. ಅಮಾವಾಸ್ಯೆಯಾದ್ದರಿಂದ ಎಳೆ ಮುಟ್ಟುವಂತಿಲ್ಲ. ಕೈ ಸುಮ್ಮನಿರಲಾರದೆ ಸೆರಗಿನ ತುದಿಯನ್ನೇ ಹೊಸೆಯುತ್ತ ಹೇಳಿದಳು. ಹಂಡೆ ಬಂಡೆಯ ಹಿಂದೆ ಇಳಿಯುತ್ತದೆ. ಬಾಗಿಲು ತೆಗೆಯುತ್ತದೆ. ಒಬ್ಬಳು ಇಳಿಯುತ್ತಾಳೆ. ಆದರೆ ಮಕ್ಕಳಿಗೆ ಅವಳ ಗುರುತೇ ಹತ್ತುವುದಿಲ್ಲ. ಅಷ್ಟು ದೂರ ಹೋಗಿ ಬಂದವಳು, ಮೈ ಇಳಿದುಹೋಗಿದೆ, ಕೂದಲು ಉದುರಿದೆ, ಕಣ್ಣು ಗುಳಿ ಬಿದ್ದಿವೆ, ನೆಟ್ಟಗೆ ನಿಲ್ಲಲೂ ಆಗುತ್ತಿಲ್ಲ. ಚಿಕ್ಕವನು ಹೆದರಿ ಮುಕ್ಕಾಲಿಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಾನೆ.

"ಹಂಗಾದ್ರೆ ಅವ್ವ ಅಂತ ಹೆಂಗೆ ಗೊತ್ತಾಗ್ತೈತೆ ಅತ್ತೆ?" ಎಂದು ತಿಪ್ಪೇಶ ಕೇಳಿದ.

"ಮಾತಾಡಿಸಿ ನೋಡ್ತಾನೆ. ಮೈ ಹೆಂಗಾದ್ರೂ ಆಗ್ಲಿ, ದನಿ ಮಾತ್ರ ಅದೇ ಇರ್ತೈತೆ."

ಆಮೇಲೆ ನೀರು ಬಂತು, ಕೆಂಪು ನೆಲದಲ್ಲಿ ಪೈರು ಬಂತು, ಮುಕ್ಕಾಲಿಗೆ ಎರಡು ಜಡೆ ಹಾಕುವುದು ಬಂತು. ಅತ್ತೆ ಯಾವುದನ್ನೂ ಬಿಡಲಿಲ್ಲ. ಕಥೆ ಮುಗಿದ ಮೇಲೆ ನಾನು ಮಂಡಕ್ಕಿಯನ್ನೂ ತಿಂದೆ, ಮುದ್ದೆಯನ್ನೂ ತಿಂದೆ. ಮಾವ ಎರಡು ದಿನ ಬಿಟ್ಟು ಬಂದರು, ಕೈಯಲ್ಲಿ ಜರಿ ಇರಲಿಲ್ಲ, ಮೊಣಕೈ ಮಡಚಿನಲ್ಲಿ ಒಂದು ಹತ್ತಿಯ ಚೂರು ಅಂಟಿಕೊಂಡಿತ್ತು. ಅಡುಗೆಮನೆಯಲ್ಲಿ ಅತ್ತೆಗೆ ಏನೋ ಹೇಳಿದರು. ಅತ್ತೆ ಒಲೆಯ ಮುಂದೆ ಕೂತು ಅತ್ತಳು, ಹೊಗೆ ಎಂದಳು. ಮೊಳಕಾಲ್ಮುರಿನಲ್ಲಿ ನಾನು ಅದೊಂದನ್ನು ಮಾತ್ರ ನಂಬಲಿಲ್ಲ. ಆದರೆ ಅವಳ ಮುಖದಲ್ಲಿ ಹೆದರಿಕೆಯಿರಲಿಲ್ಲ, ಹಾಗಾಗಿ ನಾನೂ ಹೆದರಲಿಲ್ಲ.

ಅವ್ವ ಬರುವಷ್ಟರಲ್ಲಿ ಮುಂದಿನ ಅಮಾವಾಸ್ಯೆಯೂ ಕಳೆದಿತ್ತು. ಒಂದು ಮಧ್ಯಾಹ್ನ ಅಪ್ಪನ ಹೆಗಲು ಹಿಡಿದುಕೊಂಡು ಯಾರೋ ಬೀದಿಯಲ್ಲಿ ನಿಧಾನಕ್ಕೆ ನಡೆದು ಬಂದರು. ತಲೆಗೆ ಬಟ್ಟೆ ಸುತ್ತಿತ್ತು. ಯಾರದೋ ದೊಗಳೆ ಸ್ವೆಟರು, ಕೈ ಕಡ್ಡಿ, ಕಣ್ಣಿನ ಕೆಳಗೆ ಕಪ್ಪು. ಅಪ್ಪನನ್ನು ಗುರುತಿಸಿದೆ, ಪಕ್ಕದಲ್ಲಿದ್ದವಳನ್ನು ಗುರುತಿಸಲಿಲ್ಲ. ತಿಪ್ಪೇಶ ಓಡಿಹೋಗಿ ಮಗ್ಗದ ಕಂಬದ ಹಿಂದೆ ನಿಂತ. ಅವಳು ಹೊಸಿಲಿನಲ್ಲಿ ಕೂತು ಕೈ ಚಾಚಿದಳು. ಅವನು ಅಲ್ಲಿಂದಲೇ ಕೂಗಿದ:

"ನೀನು ಮಾತಾಡು."

ಅಪ್ಪನಿಗೂ ಅರ್ಥವಾಗಲಿಲ್ಲ, ಅವಳಿಗೂ ಅರ್ಥವಾಗಲಿಲ್ಲ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಏನು ಮಾತಾಡ್ಲೋ? ಮೊದ್ಲು ಆ ಮೂಗು ಒರೆಸ್ಕೋ ತಿಪ್ಪ."

ದನಿ ಅದೇ. ತಿಪ್ಪೇಶ ಕಂಬ ಬಿಟ್ಟು ಓಡಿಬಂದು, ಒರೆಸಿಕೊಳ್ಳದ ಮೂಗನ್ನು ಆ ಸ್ವೆಟರಿಗೆ ಒತ್ತಿದ. ಹೊಲಿಗೆ ಹಾಕಿದ ಜಾಗ ಇನ್ನೂ ಪೂರ್ತಿ ಮಾಗಿಲ್ಲ ಎಂದು ಅಪ್ಪ ಹಿಡಿಯಲು ಬಂದ, ಅವ್ವ ಬಿಡಿಸಲು ಬಿಡಲಿಲ್ಲ. ನನಗೆ ಆವತ್ತು ಆದ ಹಗುರ ಎಂಥದ್ದೆಂದರೆ, ಆಮೇಲಿನ ಬದುಕಿನಲ್ಲಿ ಪರೀಕ್ಷೆ ಪಾಸಾದಾಗ, ಕೆಲಸ ಸಿಕ್ಕಾಗ, ಮಗು ಹುಟ್ಟಿ ಅತ್ತಾಗ, ಇದು ಅದಕ್ಕೆ ಸಮನೇ ಎಂದು ಅಳೆದು ನೋಡಿದ್ದೇನೆ. ಸಮ ಬಂದದ್ದು ಮಗು ಅತ್ತದ್ದು ಒಂದೇ. ಚಳ್ಳಕೆರೆಗೆ ಮರಳಿ ಅವ್ವ ಪಡಸಾಲೆಯಲ್ಲಿ ಮತ್ತೆ ಬೀಜ ಆರಿಸಲು ಕೂತಾಗ ಅಭ್ಯಾಸಬಲದಿಂದ ನಡುಹಗಲಲ್ಲೇ ಒಂದು ಕಥೆ ತೆಗೆದಳು. ತಕ್ಷಣ ನಾಲಗೆ ಕಚ್ಚಿಕೊಂಡು ಅಡುಗೆಮನೆ ಕಡೆ ನೋಡಿದಳು. ಅಜ್ಜಿ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು:

"ದಾರಿ ತಪ್ಪದಂಗೆ ಬಂದೀಯಲ್ಲ, ಹೇಳ್ಕೋ ಹೋಗು."

ಹಂಡೆ ಪಿಚ್ಚರ್ ಆ ಬೀದಿಯ ಮಕ್ಕಳನ್ನು ಬಿಡಲಿಲ್ಲ. ಬೇಸಿಗೆ ರಜೆಗೆ ಹೋದಾಗಲೆಲ್ಲ ಅದರದೇ ಆಟ. ಬಂಡೆಯ ಮೇಲೆ ನಿಲ್ಲುವವರು ಇಬ್ಬರು, ಮೂರನೆಯ ಕಾಲಿಗೆ ಕೋಲು ಹಿಡಿದ ಮುಕ್ಕಾಲಿ ಒಬ್ಬರು. ಆದರೆ ಆಟ ಕೊನೆಗೆ ಬರುತ್ತಿದ್ದಂತೆ ಜಗಳ. ರೇಷ್ಮೆಗೆ ಬಣ್ಣ ಹಾಕುವವರ ಮಗ ಹುಸೇನಿಯ ಪ್ರಕಾರ ಹಂಡೆ ಡಮಾರ್ ಎಂದು ಸಿಡಿದುಹೋಗುತ್ತದೆ. ಎದುರುಮನೆಯ ಹುಡುಗಿಯ ಪ್ರಕಾರ ಹಂಡೆಯಿಂದ ಮಕ್ಕಳ ಅಪ್ಪ ಇಳಿಯುತ್ತಾನೆ. ಅವಳ ಅಪ್ಪ ಎಲ್ಲಿಗೋ ಹೋದವನು ಬಂದಿರಲಿಲ್ಲ. ನಾನು, ನಮ್ಮತ್ತೆ ಟಾಕೀಸಿನಲ್ಲಿ ನೋಡಿದ್ದಾಳೆ ಎಂದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದೆ. ಹುಸೇನಿ ಒಮ್ಮೆ ನೇರವಾಗಿ ಅತ್ತೆಯನ್ನೇ ಕೇಳಿದ್ದ. ಅತ್ತೆ ಅವನಿಗೆ ಬೆಲ್ಲ ಕೊಟ್ಟು ಕಳಿಸಿದ್ದಳು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದೆ. ಹೆದರುಪುಕ್ಕಲಿ ಕಂಡಕ್ಟರ್ ಹೇಗಾದೆ ಎಂದು ಕೇಳಿದವರಿಗೆ ನಾನು ಹೇಳುವುದು ಒಂದೇ: ಜನರು ಅವರವರ ಊರಿನಲ್ಲಿ ಇಳಿಯುವುದನ್ನು ಕಣ್ಣಾರೆ ನೋಡಿದರೆ ನನಗೆ ಸಮಾಧಾನ. ಮೊದಮೊದಲು ಇಳಿದವರು ಮನೆ ದಾರಿ ಹಿಡಿದರೇ ಎಂದು ತಿರುಗಿ ನೋಡುತ್ತಿದ್ದೆ, ಡ್ರೈವರ್ ಬಯ್ಯುತ್ತಿದ್ದ. ಅಜ್ಜಿ ಆ ಹೊತ್ತಿಗೆ ಹೋಗಿಬಿಟ್ಟಿದ್ದಳು. ತಿಪ್ಪೇಶನ ಮದುವೆ ಗೊತ್ತಾಗಿ, ಹೆಣ್ಣಿನ ಸೀರೆಯನ್ನು ಮಾವನ ಮಗ್ಗದಿಂದಲೇ ತರಬೇಕೆಂದು ಅವ್ವ, ನಾನು, ಅವನು ಮೂವರೂ ಒಂದು ಭಾನುವಾರ ಮೊಳಕಾಲ್ಮುರಿಗೆ ಹೋಗಿದ್ದೆವು. ಊಟ ಮುಗಿಸಿ ಸೀರೆಯ ಸೆರಗನ್ನು ಬಿಚ್ಚಿ ನೋಡುತ್ತಿದ್ದಾಗ ಹುಸೇನಿ ಓಡಿಬಂದ. ಈಗ ಬೀದಿಗೆ ಕೇಬಲ್ ಎಳೆದಿದ್ದವನು ಅವನೇ.

"ರತ್ನಕ್ಕ, ಟೀವಿ ಹಾಕ್ರಿ. ತೆಲುಗು ಚಾನಲ್ಲಿನಾಗೆ ಹಂಡೆ ಪಿಚ್ಚರ್ ಬರಕ್ಕತ್ತೈತೆ."

ಹಾಕಿದೆವು. ಅದೇ ಕೆಂಪು ನೆಲ. ಮೂರು ಜಡೆ ಆಗಲೇ ಮುಗಿದುಹೋಗಿತ್ತು. ಮದುವೆ ಗಂಡು ತಿಪ್ಪೇಶ ನೆಲದ ಮೇಲೆ ಕಾಲು ಮಡಚಿ ಕೂತುಬಿಟ್ಟ. ಅವ್ವ ಈ ಪಿಚ್ಚರನ್ನು ನೋಡಿದವಳಲ್ಲ. ನಮ್ಮ ಬಾಯಲ್ಲಿ ಕೇಳಿದ್ದಷ್ಟೇ. ರಾಯದುರ್ಗದ ಮಾರ್ಗದಲ್ಲಿ ಓಡಾಡಿ ನನಗೆ ತೆಲುಗು ಬಂದಿತ್ತು. ಡಬ್ಬಿಯಲ್ಲಿ ತಾಯಿ ಬಹಳ ಹೊತ್ತು ಹೇಳುತ್ತಿದ್ದದ್ದು ಊಟದ ಮಾತಲ್ಲ, ತನಗೆ ಎಷ್ಟು ಭಯವಾಗುತ್ತಿದೆ ಎಂಬ ಮಾತು ಎಂದು ಆವತ್ತು ತಿಳಿಯಿತು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಟಿ.ವಿ. ನೋಡುತ್ತಿರಲಿಲ್ಲ. ಮಕ್ಕಳು ಬಂಡೆ ಹತ್ತಿದ್ದೇ ತಡ ಎದ್ದುಹೋಗಿ, ಹೊರಗೆ ಬಿಸಿಲು ರಣಗುಟ್ಟುತ್ತಿದ್ದರೂ, ದೇವರ ಗೂಡಿನ ದೀಪ ಹಚ್ಚಿದಳು. ಅವ್ವ ಈ ಹೊತ್ತಿನಲ್ಲಿ ಇದೇನೆಂದು ಕೇಳಿದಳು. ಅತ್ತೆ ನನ್ನ ಪಕ್ಕ ಬಂದು ಕೂತು, ನನ್ನ ಕೈ ಹಿಡಿದುಕೊಂಡು, ಚಿಕ್ಕ ದನಿಯಲ್ಲಿ ಕೇಳಿದಳು:

"ರತ್ನಿ, ಅವಳು ಬರ್ತಾಳೇನೆ?"

ರಾಯದುರ್ಗವೂ ಇರಲಿಲ್ಲ, ಟಾಕೀಸೂ ಇರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಅವಳೂ ನಮ್ಮಂತೆಯೇ ಕ್ಯಾಸೆಟ್ಟಿನ ಆ ಮದುವೆಯವರೆಗೆ ಮಾತ್ರ ನೋಡಿದ್ದಳು.

ಈ ಸಲ ಬಿಳಿ ಗೆರೆ ಬರಲಿಲ್ಲ. ಹಂಡೆ ನೆಲ ಮುಟ್ಟಿತು. ಬಾಗಿಲು ತೆರೆಯಿತು. ಒಳಗಿಂದ ನೀರು ಹರಿದುಬಂತು, ಮೊದಲು ಬೆರಳಿನಷ್ಟು, ಆಮೇಲೆ ಹಳ್ಳದಷ್ಟು. ಮಕ್ಕಳು ನೀರಿಗೆ ಎದುರಾಗಿ ಓಡಿ ಹಂಡೆಯೊಳಗೆ ಇಣುಕಿದರು. ಒಳಗೆ ಯಾರೂ ಇರಲಿಲ್ಲ. ನೀರಿಗೆ ಜಾಗ ಮಾಡಲು ಅವಳು ನಕ್ಷತ್ರಗಳ ಆಚೆಗೇ ಉಳಿದಿದ್ದಳು. ಮುಕ್ಕಾಲಿ ಬಂದು ಎರಡೂ ಮಕ್ಕಳ ತಲೆ ಮೇಲೆ ಕೈ ಇಟ್ಟಿತು. ಅಲ್ಲಿಗೆ ಪಿಚ್ಚರ್ ಮುಗಿದು ಸೋಪಿನ ಜಾಹೀರಾತು ಬಂತು.

ಹುಸೇನಿ ಬಾಗಿಲಲ್ಲಿ ನಿಂತವನು ತಾನು ಹೇಳಿದಂತೆ ಸಿಡಿಯಲಿಲ್ಲ ಎಂಬುದನ್ನೂ ಮರೆತು ಕಣ್ಣು ಉಜ್ಜಿಕೊಂಡ. ತಿಪ್ಪೇಶ ಸೋಪಿನ ಜಾಹೀರಾತನ್ನೇ ನೋಡುತ್ತ ಕೂತಿದ್ದ. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇಷ್ಟು ದೊಡ್ಡವರು ಹೀಗೇಕೆ ಕೂತಿದ್ದಾರೆ ಎಂದು ಅವಳಿಗೆ ಸೋಜಿಗ.

"ಅವಳು ಬರ್ಲಿಲ್ಲ ಅಂತ ಹಿಂಗೆ ಕೂತೀರಾ? ನಾನು ಬಂದೆನಲ್ಲ. ಸೀರೆ ಮಡಚ್ರಿ ಮೊದ್ಲು, ಧೂಳು ಕೂರ್ತೈತೆ."

ತಿಪ್ಪೇಶ ನಕ್ಕುಬಿಟ್ಟ. ನಕ್ಕದ್ದೇ ನೆಪವಾಗಿ ನನಗೆ ಅಳು ಬಂತು. ಆಗ ಅತ್ತೆ ಆ ಅಮಾವಾಸ್ಯೆಯ ಮಾತು ತೆಗೆದಳು. ಅಪ್ಪ ಕಂಡಕ್ಟರನ ಕೈಲಿ ಹೇಳಿ ಕಳಿಸಿದ್ದು, ಆಪರೇಷನ್ ಆಗಿದೆ, ಇನ್ನೂ ಕಣ್ಣು ತೆರೆದಿಲ್ಲ, ರಕ್ತ ಬೇಕು, ಬೇಗ ಬನ್ನಿ ಎಂದು. ಮಾವ ಅಂಗಿ ಹಾಕಿಕೊಂಡು ಓಡಿದ್ದು ಅದಕ್ಕೆ. ಅವ್ವನ ಮೈಯಲ್ಲಿ ಓಡುತ್ತಿದ್ದುದರಲ್ಲಿ ಒಂದಿಷ್ಟು ಮಾವನದು ಎಂಬುದು ದೊಡ್ಡವರಿಗೆಲ್ಲ ಗೊತ್ತಿತ್ತು, ನಮಗೆ ಮಾತ್ರ ಗೊತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಕೂತಿದ್ದ ಮಾವ ಆ ಮಾತು ತಮ್ಮದಲ್ಲವೆಂಬಂತೆ ಲಾಳಿ ಒರೆಸುತ್ತಿದ್ದರು. ಅಂಥ ಸುದ್ದಿ ಎದೆಯಲ್ಲಿಟ್ಟುಕೊಂಡು ನಮಗೆ ಆ ಕೊನೆಯನ್ನು ಹೇಗೆ ಹೇಳಿದೆ ಎಂದು ನಾನು ಕೇಳಿದೆ.

"ಎಳೆ ತುಂಡಾಗಿ ಕೈಯಾಗೆ ನಿಂತಿತ್ತು. ಹಂಗೇ ಬಿಡಕ್ಕಾಗ್ತಿತ್ತಾ? ಕೆಚ್ಚಿದೆ. ಬರ್ತಾಳೋ ಇಲ್ಲೋ ನಂಗೆ ಗೊತ್ತಿತ್ತಾ? ಬಂದ್ರೆ ನಿಮಗೆ ಗುರುತಾದ್ರೂ ಹತ್ಲಿ ಅಂತ ಅಷ್ಟು ಹೇಳ್ದೆ."

ಹೇಳಿ ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವ್ವನ ಕಡೆ ಒಮ್ಮೆ ನೋಡಿದಳು. ಅವ್ವ ಸೀರೆ ಮಡಚುವುದರಲ್ಲಿದ್ದಳು. ಆ ಕ್ಯಾಸೆಟ್ಟಿನ ಕೊನೆಯ ಮೇಲೆ ಯಾರೋ ಮದುವೆ ತುಂಬದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಖಾಲಿ ಹಂಡೆಯನ್ನು ಆ ವಯಸ್ಸಿನಲ್ಲಿ, ಆ ಮಧ್ಯಾಹ್ನದಲ್ಲಿ ನೋಡಿದ್ದರೆ ನಾನು ಇವತ್ತಿನ ನಾನಾಗಿ ಉಳಿಯುತ್ತಿರಲಿಲ್ಲ. ಅತ್ತೆಗೂ ಅದೇ ಹೊಳೆದಿರಬೇಕು. ಎದ್ದು ಒಳಗೆ ಹೋಗುತ್ತ, ಹಗಲಲ್ಲೇ ಉರಿಯುತ್ತಿದ್ದ ದೀಪದ ಮುಂದೆ ನಿಂತು ಕೈಮುಗಿದಳು.

"ಆ ಮದುವೆ ಯಾರದೋ ಏನೋ ತಾಯಿ. ಆ ಗಂಡು ಹೆಣ್ಣು ಎಲ್ಲಿದ್ರೂ ತಣ್ಣಗಿರ್ಲಿ."